ಮೂರನೇ ಟ್ರ್ಯಾಪು

ರಾಯಚೂರಿನ ಮೇ ತಿಂಗಳಲ್ಲಿ
ಬಾಯ್ಲರ್ ಮನೆಯಿಂದ ಹೊರಬಂದವನಿಗೆ
ಬಿಸಿಲೇ ನೆರಳು.

ನಾನು ಹುಲಿಗೆಪ್ಪ, ದೊಡ್ಡಾಸ್ಪತ್ರೆಯ ಫಿಟ್ಟರು.
ನನ್ನ ಹೆಸರು ಗೊತ್ತಿರುವುದು ಸೋರುವ ನಲ್ಲಿಗಳಿಗೆ,
ಹೆರಿಗೆ ವಾರ್ಡಿನ ಆಯಾ ಈರಮ್ಮನಿಗೆ,
ನೀರು ನಿಂತ ದಿನ ಮಾತ್ರ ಎಲ್ಲರಿಗೂ.

ಇಲ್ಲಿಯ ಬೋರಿನ ನೀರು ಕಲ್ಲಿನ ಮಗಳು.
ಪೈಪಿನೊಳಗೆ ಹರಿಯುತ್ತ ಹರಿಯುತ್ತ
ತವರು ನೆನಪಾಗಿ ಮತ್ತೆ ಕಲ್ಲಾಗುತ್ತಾಳೆ.
ಎರಡಿಂಚಿನ ಪೈಪು ಕೊಯ್ದರೆ
ಒಳಗೆ ಕಿರುಬೆರಳು ತೂರುವಷ್ಟೇ ಜಾಗ,
ಸುತ್ತ ಉಂಗುರ ಉಂಗುರ ಸುಣ್ಣ.
ಮರದ ವಯಸ್ಸು ಎಣಿಸುವಂತೆ ಎಣಿಸುತ್ತೇನೆ:
ಇದು ಆ ದೊಡ್ಡ ಜ್ವರದ ವರ್ಷ,
ಇದು ಟೆಂಡರ್ ಆಗದೆ ಉಳಿದ ವರ್ಷ,
ಇದು ನನ್ನ ಮದುವೆಯದು, ತೆಳ್ಳಗಿದೆ.

ಕೆಲಸ ಕಲಿಸಿದವರು ಲಾಡ್ಲೆಸಾಬ ಉಸ್ತಾದರು,
ಹತ್ತಿ ಮಿಲ್ಲಿನಿಂದ ಇಲ್ಲಿಗೆ ಬಂದವರು.
"ಕಾಣೋದು ಸ್ಟೀಮಲ್ಲಲೇ ತಮ್ಮಾ, ಅದು ದಣಿದ ನೀರು.
ಖರೇ ಸ್ಟೀಮು ಕಾಣಂಗಿಲ್ಲ.
ಕೈ ಇಟ್ಟಮ್ಯಾಲೆ ಹೇಳ್ತೈತಿ."
ಹಾಗಂದು ನನ್ನ ಮಣಿಕಟ್ಟು ನೋಡಿ ನಕ್ಕಿದ್ದರು.
ಕಲೆ ಈಗಲೂ ಇದೆ, ರೊಟ್ಟಿ ಸೀದ ಗುರುತಿನಂತೆ.

ಸ್ಕ್ರೂಡ್ರೈವರಿನ ತುದಿ ಟ್ರ್ಯಾಪಿಗಿಟ್ಟು
ಹಿಡಿಕೆಯನ್ನು ಕಿವಿಗೊತ್ತಿ ಕೇಳಬೇಕು.
ಗಟ್ಟಿಮುಟ್ಟಾದದ್ದು ತಡೆತಡೆದು ಟಿಕ್ ಅನ್ನುತ್ತದೆ.
ಕೆಟ್ಟದ್ದು ಒಂದೇ ಸಮನೆ ಸುಯ್ಯೆನ್ನುತ್ತದೆ,
ಸರಕಾರದ ದುಡ್ಡು ಸೋರುವುದು ಹೀಗೇ ಎನ್ನುತ್ತಿದ್ದರು.

ಆಪರೇಷನ್ ಥಿಯೇಟರಿನ ನೆತ್ತಿಯ ಮೇಲೆ,
ಅಟ್ಟದ ಇರುಕಿನಲ್ಲಿ ಇಬ್ಬರೂ ಅಂಗಾತ ಮಲಗಿ
ಪೈಪಿಗೆ ಸುತ್ತಿದ ಹಳೇ ಲ್ಯಾಗಿಂಗ್ ಬಿಚ್ಚುತ್ತಿದ್ದೆವು.
ಬೆಳ್ಳಗೆ, ಮೆತ್ತಗೆ, ಎಳೆ ಎಳೆಯಾಗಿ
ಮೂಗಿನ ಮೇಲೆ, ರೆಪ್ಪೆಯ ಮೇಲೆ ಉದುರುತ್ತಿತ್ತು.
"ಹತ್ತಿ ಊರಾಗ ಹುಟ್ಟೀವಿ,
ಹತ್ತಿಗೆ ಅಂಜೋದೇನಪಾ."

ಹತ್ತಿಯಲ್ಲ ಅದು.
ನಮಗೆ ಯಾರೂ ಹೇಳಿರಲಿಲ್ಲ.
ಹೇಳಬೇಕಾದ ಕಾಗದ ಯಾವ ಫೈಲಿನಲ್ಲಿತ್ತೋ.

ಹೋದ ತಿಂಗಳು ಉಸ್ತಾದರನ್ನು ತಂದು ಸೇರಿಸಿದರು,
ಗಂಡಸರ ವಾರ್ಡು, ಗೋಡೆ ಪಕ್ಕದ ಮಂಚ.
ಪಾನಾ ಚೀಲ ಹೆಗಲಿಗೇರಿಸಿಕೊಂಡೇ ಹೋಗುತ್ತೇನೆ,
ಎಣ್ಣೆಗೈ ಹಾಸಿಗೆಗೆ ತಾಗಿಸಬೇಡ ಎಂದು ನರ್ಸು ಬೈಯುತ್ತಾರೆ.
ಆಕ್ಸಿಜನ್ನಿನ ತಾಮ್ರದ ಪೈಪು
ಗೋಡೆಗುಂಟ ಅವರ ತಲೆದಿಂಬಿನವರೆಗೆ ಬಂದಿದೆ.
ಆ ಬೆಸುಗೆ ಅವರದೇ.
ಕೊನೆಯಲ್ಲಿ ಒಂದು ಸಣ್ಣ ಬಾಲ ಬಿಡುತ್ತಾರೆ, ಬೇರೆ ಯಾರೂ ಬಿಡುವುದಿಲ್ಲ.
ಮುಟ್ಟಿ ನೋಡಿದೆ. ಸೋರುತ್ತಿಲ್ಲ.
ಅವರೂ ಅದನ್ನೇ ನೋಡುತ್ತಿದ್ದರು.

ಮೊನ್ನೆ ನಡುರಾತ್ರಿ ಬೆರಳೆತ್ತಿ, ಸುಮ್ಮನಿರು ಎಂದು ಸನ್ನೆ ಮಾಡಿದರು.
ಅಳುವುದು ಕೇಳಿಸಿತೇನೋ ಎಂದು ಮೂಗೊರೆಸಿಕೊಂಡೆ.
ಅದಲ್ಲ.
"ಮೂರನೇ ಟ್ರ್ಯಾಪು."
ಉಸಿರು.
"ಬಡಕೊಳ್ಳಾಕತ್ತೈತಿ. ನೀರು ನಿಂತೈತಿ."
ಉಸಿರು.
"ಕೇಳಸವಲ್ದೇನು?"
ನನಗೆ ಕೇಳಿಸಿದ್ದು ಫ್ಯಾನು, ಯಾರದೋ ಕೆಮ್ಮು,
ಹೊರಗೆ ಹೈದರಾಬಾದ್ ಕಡೆಗೆ ಹೊರಟ ಲಾರಿ.

ಹೋಗಿ ನೋಡಿದೆ.
ಲಾಂಡ್ರಿಯ ಹಿಂದೆ, ಮೂರನೆಯದು.
ಪೈಪು ಕಟ್ಟಿಹಾಕಿದ ಕುದುರೆಯಂತೆ ಒದೆಯುತ್ತಿತ್ತು.
ವಾಲ್ವು ಮುಚ್ಚಿ, ನೀರು ಬಸಿದು,
ಆರುವವರೆಗೆ ಕಾದು, ಟೋಪಿ ಬಿಚ್ಚಿದರೆ
ಬಿಲ್ಲೆಯ ಅಡಿಯಲ್ಲಿ ಅಕ್ಕಿಕಾಳಿನಷ್ಟು ಸುಣ್ಣದ ಚೂರು.
ಅಷ್ಟೇ.

ಬೆಳಗ್ಗೆ ಆಟೋಕ್ಲೇವಿನ ಬಾಗಿಲು ತೆರೆದರು.
ಕತ್ತರಿ, ಚಿಮಟ, ಹೊಕ್ಕುಳು ಕಟ್ಟುವ ದಾರ.
ಟ್ರೇ ಹಿಡಿದು ಈರಮ್ಮ ಓಡಿದಳು,
ನನ್ನ ಕಡೆ ನೋಡಲಿಲ್ಲ. ನೋಡದಿದ್ದರೆ ಎಲ್ಲ ಸರಿಯಿದೆ ಎಂದರ್ಥ.

ಆ ಚೂರನ್ನು ಕಾಗದದಲ್ಲಿ ಕಟ್ಟಿಕೊಂಡು
ಒಗ್ಗರಣೆ, ಮಿರ್ಚಿಯ ಪೊಟ್ಟಣದ ಜೊತೆ ವಾರ್ಡಿಗೆ ಹೋದೆ.
ಉಸ್ತಾದರು ಚೂರನ್ನು ಅಂಗೈಯಲ್ಲಿ ಹೊರಳಿಸಿದರು.
ಮಿರ್ಚಿ ಮೂಸಿ ನನಗೇ ಕೊಟ್ಟರು.
"ಗ್ಯಾಸ್ಕೆಟ್ ಹೊಸಾದು ಹಾಕಿದ್ಯೋ,
ಹಳೇದ್ನ ತಿರುವಿ ಹಾಕಿದ್ಯೋ?"
ಸ್ಟೋರಿನಲ್ಲಿ ಇರಲಿಲ್ಲ, ಹಳೆಯದೇ, ಎಂದೆ.
ಕಣ್ಣು ಮುಚ್ಚಿಕೊಂಡರು.

ಸಿಟ್ಟು ಬಂದಾಗಲೂ ಹಾಗೆಯೇ ಮುಚ್ಚಿಕೊಳ್ಳುತ್ತಾರೆ.