ಎಡೆ

ಏರ್‌ಪೋರ್ಟ್ ರಸ್ತೆ ಬಿಟ್ಟು ಒಳಕ್ಕೆ ತಿರುಗಿದರೆ
ಬಾಗಲೂರಿನ ಆಚೆ, ಲೇಔಟ್ ಆಗಲಿರುವ ದಿಬ್ಬ.
ಸೈಟು ನಂಬರಿನ ಹಳದಿ ಗೂಟಗಳ ನಡುವೆ
ಯಾವ ನಂಬರೂ ಇಲ್ಲದ ನಾಲ್ಕು ಚಪ್ಪಡಿ,
ಒಂದರ ಬೆನ್ನಿಗೊಂದು ಹೆಗಲು ಕೊಟ್ಟು ನಿಂತದ್ದು.
ನಮಗೆ ಸಿಕ್ಕ ಗಡುವು ಇಪ್ಪತ್ತೊಂದು ದಿನ.
ಆಮೇಲೆ ಜೆಸಿಬಿ.

ನಾನು ಚಿತ್ರ ಬರೆಯುವವಳು, ಅಗೆಯುವವಳಲ್ಲ.
ಸಿಕ್ಕಿದ್ದನ್ನೆಲ್ಲ ಅಳೆದು, ಕುಗ್ಗಿಸಿ
ಗ್ರಾಫ್ ಹಾಳೆಗೆ ಇಳಿಸುವುದು ಕೆಲಸ:
ಒಳಗೆ ಕಪ್ಪು, ಹೊರಗೆ ಕೆಂಪು ಬೋಗುಣಿ,
ಬೋರಲು ಹಾಕಿ ಸುಟ್ಟದ್ದು, ಅದಕ್ಕೇ
ಬಾಯಿ ಹೊಗೆ ಕುಡಿದು ಕಪ್ಪಾಗಿದೆ.
ತುಕ್ಕು ತಿಂದ ಕುಡುಗೋಲು.
ಕೆಂಪು ಹರಳಿನ ಮಣಿ ಎರಡು, ಒಂದರ ತೂತು ವಾರೆ.
ವಾರೆಯನ್ನು ವಾರೆಯಾಗಿಯೇ ಬರೆಯಬೇಕು.
ಕೊರೆದವನ ಕೈ ಜಾರಿದ ಆ ಮಧ್ಯಾಹ್ನ
ಎರಡು ಸಾವಿರ ವರ್ಷ ದಾಟಿ ನನ್ನ ಪೆನ್ಸಿಲ್ಲಿಗೆ ಬಂತು.

ಮೂಡಲ ಚಪ್ಪಡಿಗೆ ಮಾತ್ರ ಒಂದು ಕಿಂಡಿ.
ದುಂಡಗೆ. ತಲೆ ತೂರದು, ಕೈ ತೂರುತ್ತದೆ.
ಆತ್ಮ ಬಂದುಹೋಗಲಿ ಅಂತ, ಎಂದರು ಜಿನದತ್ತ ಸರ್.
ಮರುದಿನ ಅವರೇ: ಆಮೇಲೆ ಸತ್ತವರ ಮೂಳೆ
ಒಳಗೆ ಸೇರಿಸಲಿಕ್ಕೆ ಇರಬೇಕು.
ಮೂರನೆಯ ದಿನ ಫಾರಂನಲ್ಲಿ 'ಉದ್ದೇಶ' ಎಂಬ ಕಾಲಂ ತೋರಿಸಿ
ನೀವೇ ಏನಾದರೂ ಬರೀರಿ ಎಂದು
ಫೋನ್ ಕಿವಿಗಿಟ್ಟು ನಡೆದರು.

ಮಂಕರಿ ಕೆಳಗಿಟ್ಟು ಪಿಳ್ಳಮ್ಮ ನಕ್ಕಳು:
"ಎಡೆ ಇಕ್ಕಾಕೆ ಕಣಮ್ಮ. ಇನ್ಯಾಕೆ?"

ಎಡೆ.
ಎಲೆಯ ಮೇಲೆ ಹಿರಿಯರಿಗೆ ಇಡುವುದು ಎಡೆ.
ಕಲ್ಲಿಗೂ ಕಲ್ಲಿಗೂ ನಡುವೆ ಬಿಟ್ಟ ಸಂದೂ ಎಡೆ.
ನಿಲ್ಲಲೊಂದು ಜಾಗ ಸಿಕ್ಕರೆ, ಅದೂ.
ಮೂರನ್ನೂ ಒಂದೇ ಬಾಯಲ್ಲಿ ಹೇಳುವ ಭಾಷೆಯಲ್ಲಿ ಹುಟ್ಟಿ
ನನಗಿದು ಹೊಳೆಯಬೇಕಿತ್ತು.

"ಹಾಗಾದ್ರೆ ಇವರು ನಿಮ್ಮೋರಾ?" ಅಂದೆ, ಪೆನ್ಸಿಲ್ ಹೆರೆಯುತ್ತ.
"ಅದೆಂಗೆ ಯೋಳ್ಲಿ? ಪಾಂಡವ್ರು ಅಂತಿದ್ಲು ನಮ್ಮಜ್ಜಿ.
ಮೊಳದುದ್ದದ ಮನುಸ್ರು ಅಂತಿದ್ದ ನಮ್ಮಪ್ಪ.
ಅವ್ರ ಮಾತು ಅವ್ರಿಗೇ ಗೊತ್ತು.
ಹೊಟ್ಟೆ ಅಂತೂ ಇತ್ತಲ್ವಾ?"

ಹೊಟ್ಟೆಗೆ ಫಾರಂನಲ್ಲಿ ಕಾಲಂ ಇಲ್ಲ.
ಪಿಳ್ಳಮ್ಮ ಹೇಳಿದ್ದು ನಿಜವೋ, ಅದೂ ಗೊತ್ತಿಲ್ಲ.
ಈ ಕಿಂಡಿಗೆ ಕೈ ಹಾಕಿದವರು
ಯಾವ ಹೆಸರು ಹಿಡಿದು ಕೂಗಿದರು, ಅತ್ತರೋ, ಬೈದರೋ,
ಸತ್ತವರು ದೂರ ಹೋದರು ಅಂದುಕೊಂಡರೋ
ಗೋಡೆಯಾಚೆ ಮಲಗಿದ್ದಾರೆ ಅಂದುಕೊಂಡರೋ,
ಮಣ್ಣು ಅದನ್ನು ಇಟ್ಟುಕೊಂಡಿಲ್ಲ.

ಹನ್ನೆರಡೂವರೆಗೆ ವಿಮಾನದ ನೆರಳೊಂದು
ಚಪ್ಪಡಿ ಸವರಿ ಹೋಯಿತು. ಡಬ್ಬಿ ಬಿಚ್ಚಿದೆವು.
ತನ್ನ ಮುದ್ದೆಯಿಂದ ಚಿಟಿಕೆಯಷ್ಟು ಮುರಿದು
ಕಿಂಡಿಯ ಅಂಚಿಗಿಟ್ಟು, ಬೆರಳು ಸೆರಗಿಗೆ ಒರೆಸಿ
ಪಿಳ್ಳಮ್ಮ ಉಣ್ಣಲು ಕೂತಳು.
ಮಾದರಿ ಕೆಡುತ್ತೆ ಅನ್ನಬೇಕಿತ್ತು ನಾನು. ನಿಯಮ ಅದು.

ನೋಟ್‌ಬುಕ್ಕಿನಲ್ಲಿ ಬರೆದೆ:
ಪದರ ಒಂದು. ಕಿಂಡಿಯ ಅಂಚು, ಬಲಬದಿ.
ರಾಗಿಮುದ್ದೆ, ಒಂದು ಚಿಟಿಕೆ, ಇನ್ನೂ ಮೆತ್ತಗಿದೆ.
ಕಾಲ: ಮಂಗಳವಾರ.
ಇರುವೆ ಬಂದಿದೆ.