ಸಾವಿರದ ಎಂಟುನೂರು

ಬ್ರೋಕನ್ ಹಿಲ್‌ನ ಬೀದಿಗಳಿಗೆ ಅದಿರಿನ ಹೆಸರು.
ಆಕ್ಸೈಡ್ ದಾಟಿ, ಕ್ಲೋರೈಡ್ ಹಿಡಿದು, ಕೊನೆಯ ತಗಡಿನ ಶೆಡ್ಡು
ಮಿರ್ಕೊ ಝುವೇಲನದು.
ಇಪ್ಪತ್ತಾರು ವರ್ಷ ಗಣಿಯಲ್ಲಿ ಡ್ರಿಲ್ಲು ಹಿಡಿದವನ
ಎಡಗಿವಿ ಪೂರಾ ಹೋಗಿದೆ. ಬಲಗಿವಿಯನ್ನು
ಕಳೆದ ಚಳಿಗಾಲ ನಾನೇ ಪರೀಕ್ಷಿಸಿ ಯಂತ್ರ ಕೊಟ್ಟಿದ್ದೆ.
ಹಾಕಿಕೊಂಡಿಲ್ಲ.
ಹಾಗಾಗಿ ಮನೆಯ ಗುಟ್ಟನ್ನು ಕೂಗಿಯೇ ಹೇಳಬೇಕಾಯಿತು:
ಇರುವುದು ಸಾವಿರದ ಎಂಟುನೂರು ಡಾಲರು!
ಎದುರಿನ ಬೇಕರಿಯವಳಿಗೂ ಕೇಳಿಸಿತು.

ಗಾಡಿ ಪಜೇರೊ. ನನ್ನ ಮದುವೆಗಿಂತ ಎರಡು ವರ್ಷ ಹಿರಿದು,
ಮದುವೆಗಿಂತ ಗಟ್ಟಿ, ಇನ್ನೂ ಓಡುತ್ತಿದೆ.
ಕೈಯಲ್ಲಿ ಪಟ್ಟಿ, ಮಗಳು ಮೇದಿನಿಯ ಅಕ್ಷರದಲ್ಲಿ:
ತಲೆಯ ಮೇಲೆ ಸಾಲುದೀಪ, ಎರಡಂಗುಲ ಎತ್ತರ,
ಮುಂದೊಂದು ವಿಂಚು, ಸೊಂಡಿಲಿನಂಥ ಸ್ನಾರ್ಕೆಲ್ಲು,
ಬಾಗಿಲಿಗೆ ಅಂಟಿಸಲು ಒಂದು ಹಲ್ಲಿ.
ಹಲ್ಲಿ ಮಾತ್ರ ನಾಲ್ಕು ಡಾಲರು.

ಝುವೇಲ ಪಟ್ಟಿ ಓದಲಿಲ್ಲ. ಮಂಡಿಯೂರಿ
ಟೈರಿನ ಗೀರಿನೊಳಗೆ ಹೆಬ್ಬೆರಳ ಉಗುರು ತುರುಕಿದ,
ಎತ್ತಿನ ಹಲ್ಲು ನೋಡುವವನ ಹಾಗೆ.
"ಇದು ಪೇಟೆ ಟೈರು. ಹಾಲು ತರಲು ಸಾಕು.
ನೀನೆಲ್ಲಿಗೆ ಹೋಗುತ್ತೀ?"

ಡಾಂಬರು ಮುಗಿಯುವಲ್ಲಿಂದ ಮುಂದಕ್ಕೆ.
ಕುರಿ ಸ್ಟೇಷನ್ನುಗಳಿಗೆ, ಏಳೇ ಮಕ್ಕಳ ಶಾಲೆಗೆ,
ಕಿವಿ ನೋಡಲು. ಸರ್ಕಾರದ ಗಾಡಿ ಮಾರ್ಚಿಗೇ ವಾಪಸ್ಸಾಯಿತು
ಅನುದಾನದ ಜೊತೆಗೆ. ಮಕ್ಕಳ ಕಿವಿ ಮಾತ್ರ
ಅಲ್ಲೇ ಇವೆ, ಸೋರುತ್ತ.

ಕೂಗಿ ಹೇಳಿದೆ. ಬಲಗಿವಿ ಇತ್ತ ತಿರುಗಿಸಿ ಕೇಳಿದ.
ಪಟ್ಟಿಯ ಬೆನ್ನಿಗೆ ಅವನ ಲೆಕ್ಕ:

ಟೈರು ನಾಲ್ಕು, ದಪ್ಪ ಪಕ್ಕೆಯವು. ಸ್ಟೆಪ್ನಿ ಹಳೆಯದೇ ಇರಲಿ.
ಇಲ್ಲ, ಬೇಡ, ಐದು.
ಹಳೇ ಸ್ಟೆಪ್ನಿಯೂ ಈಜು ಬಾರದ ಭಾವನೂ ಒಂದೇ.
ಸಾವಿರದ ಇನ್ನೂರೈವತ್ತು.
ಚಾಸಿಗೆ ಬಿಗಿಯುವ ಕೊಕ್ಕೆ ಎರಡು, ಎಳೆಯುವ ಹಗ್ಗ ಒಂದು.
"ಈಗಿರುವ ಬಳೆ ಹಡಗಿನಲ್ಲಿ ಗಾಡಿ ಕಟ್ಟಿ ತಂದದ್ದು;
ಜಗ್ಗಿದರೆ ಕಿತ್ತು ಗುಂಡಿನ ಹಾಗೆ ಹಾರುತ್ತದೆ."
ಇನ್ನೂರ ಮೂವತ್ತು.
ಪುಟ್ಟ ಕಂಪ್ರೆಸರು, ಗೇಜು: ನೂರ ಎಂಬತ್ತು.
ಉದ್ದ ಹಿಡಿಯ ಸಲಿಕೆ, ಮೂವತ್ತು.
ಮಿಕ್ಕದ್ದಕ್ಕೆ ನೀರಿನ ಕ್ಯಾನು.

ದೀಪ?
"ಕತ್ತಲಲ್ಲಿ ಕಾಂಗರೂ ಬರುತ್ತದೆ, ನೀನು ಹೋಗಬೇಡ.
ಅಲ್ಲಿಗೆ ದೀಪದ ಖರ್ಚು ಮುಗಿಯಿತು."
ಹೊಟ್ಟೆಗೆ ಹಿಟ್ಟಿಲ್ಲ ಜುಟ್ಟಿಗೆ ಮಲ್ಲಿಗೆ ಅಂದೆ, ಕನ್ನಡದಲ್ಲೇ.
ಅವನೂ ಏನೋ ಅಂದ, ಅವನ ತಾಯಿಯ ಭಾಷೆಯಲ್ಲಿ,
ಅದರಲ್ಲಿ ಒಂದು ಕತ್ತೆ ಇತ್ತಂತೆ.
ಮೇದಿನಿ ಮಾತ್ರ ನಗಲಿಲ್ಲ.

ಆ ಶನಿವಾರ ಊರಾಚೆಯ ಒಣ ಹಳ್ಳದಲ್ಲಿ
ಹೊಸ ಟೈರು, ಹಿಟ್ಟಿನಂಥ ಕೆಂಪು ಮರಳು.
ಹತ್ತು ಮಾರು ಹೋಗಿ, ಅರ್ಧ ಮುಳುಗಿ, ಸುಮ್ಮನಾಯಿತು ಗಾಡಿ.
ಮೇದಿನಿ ನನ್ನನ್ನು ನೋಡಿದಳು. ನಾನು ಕೊಕ್ಕೆ ನೋಡಿದೆ.
ಝುವೇಲ ಯಾವುದನ್ನೂ ನೋಡದೆ
ಜೇಬಿನಿಂದ ಬೆಂಕಿಕಡ್ಡಿ ತೆಗೆದು ಹುಡುಗಿಗೆ ಕೊಟ್ಟ:
"ಗಾಳಿ ಬಿಡು. ಮೂವತ್ತಾರಿದೆ, ಹದಿನೆಂಟಕ್ಕೆ ಇಳಿಸು.
ಇದಕ್ಕೆ ದುಡ್ಡಿಲ್ಲ."

ಸ್ಸ್ ಎಂದಿತು ಕವಾಟ.
ಆ ಸದ್ದು ಅವನಿಗೆ ಕೇಳದು, ನನಗೆ ಗೊತ್ತು;
ನಾನೇ ಬರೆದ ನಕ್ಷೆಯಲ್ಲಿ ನಾಲ್ಕು ಸಾವಿರ ಹರ್ಟ್ಸ್ ಹತ್ತಿರ
ಅವನ ಗೆರೆ ಗಣಿಗೆ ಇಳಿದಂತೆ ಇಳಿದಿತ್ತು.
ಬೆರಳು ಅಡ್ಡ ಹಿಡಿದ, ಇಡ್ಲಿಯ ಉಗಿ ನೋಡುವ ಹಾಗೆ,
ಟೈರು ಮೆಲ್ಲಗೆ ಹೊಟ್ಟೆ ಬಿಟ್ಟು ಮರಳ ಮೇಲೆ ಕೂರುವ ತನಕ.
"ಈಗ" ಅಂದ.

ಮೇದಿನಿ ಗೇಜು ಒತ್ತಿದಳು. ಹತ್ತೊಂಬತ್ತು.
ಇನ್ನೊಂದು ಚೂರು ಎಂದು ಕೂಗಿದೆ ನಾನು.
ಬಾಗಿಲ ಮೇಲೆ ಹಲ್ಲಿ, ಸೊಟ್ಟಗೆ ಅಂಟಿಕೊಂಡು,
ತಲೆ ಕೆಳಗಾಗಿ ಇಳಿಯುತ್ತಿತ್ತು.
ಇನ್ನೂ ಮೂರು ಚಕ್ರ ಬಾಕಿ.