ಉಪ್ಪು ತಿಂದದ್ದು

ಮೇ ತಿಂಗಳು. ಲಗ್ನದ ವಿಡಿಯೋ ಹನ್ನೊಂದು ಬಾಕಿ.
ಧಾರೆಯ ಚೆಂಬು ಓರೆಯಾಗಿ
ನೀರು ಇನ್ನೇನು ಬೀಳಬೇಕು,
ಪರದೆ ಕಪ್ಪು.
ಮೂರನೇ ಸಲ.
ತೊಂಬತ್ತೆಂಟು ಡಿಗ್ರಿ ಮುಟ್ಟಿದ ಪ್ರೊಸೆಸರು
ತನ್ನ ಕಣ್ಣು ತಾನೇ ಮುಚ್ಚಿಕೊಂಡಿದೆ.
ಕಾಜುಬಾಗದ ಈ ಮಹಡಿಕೋಣೆಯಲ್ಲಿ
ಕೈ ಚಾಚಿಕೊಂಡೇ ನಿಂತಿದ್ದಾರೆ ವಧು ವರ,
ಅರ್ಧ ಮದುವೆಯಾಗಿ.

ಕ್ಯಾಬಿನೆಟ್ಟಿನ ಬದಿ ಬಿಚ್ಚಿದೆ.
ಪ್ರೊಸೆಸರಿನ ಜೊತೆ ಪುಕ್ಕಟೆ ಬಂದ ಪುಟ್ಟ ಫ್ಯಾನು,
ಅದರಡಿ ಅಲ್ಯೂಮಿನಿಯಂ ಹಲ್ಲು,
ಹಲ್ಲಿನ ಮೇಲೆ ಬಿಳಿ ಬೂಷ್ಟು.
ಬೆರಳಿಗೆ ಹತ್ತಿದ್ದನ್ನು ನಾಲಗೆಗೆ ಇಟ್ಟೆ, ನಗಬೇಡಿ,
ಸಮುದ್ರ.

ಅಂಗಡಿಯ ಗಾಜಿನ ಹಿಂದಿನಿಂದ ಸಂದೇಶ ಗುನಗಿ:
"ನೀರಿನದ್ದು ಹಾಕ್ಸಿ ಅಕ್ಕಾ.
ಪಂಪು, ರೇಡಿಯೇಟರು, ಎರಡು ನಳಿಗೆ,
ಒಳಗೆ ಬಣ್ಣದ ದೀಪ ಬೇರೆ.
ಉಪ್ಪು ತಿಂದದ್ದು ನೀರು ಕುಡೀಲೇಬೇಕಲ್ಲ!"
ತನ್ನ ಮಾತಿಗೆ ತಾನೇ ನಕ್ಕ.
ಒಂಬತ್ತು ಸಾವಿರ ಎನ್ನುವಾಗ ನಗಲಿಲ್ಲ.
ಪಂಪು ಕೆಟ್ಟರೆ? ಅಂದೆ.
ಮೊಬೈಲು ನೋಡಿದ.

ಇನ್ನೊಂದಿತ್ತು, ಗೋಪುರದಂಥದ್ದು,
ಆರು ತಾಮ್ರದ ಕೊಳವೆ, ಎರಡು ಫ್ಯಾನು,
ಬೆಲೆ ಕೂಡಿತು, ಗುಣ ಕೂಡಿತು,
ಎತ್ತರ ನೂರ ಐವತ್ತೆಂಟು.
ನನ್ನ ಕ್ಯಾಬಿನೆಟ್ಟಿಗೆ ಹಿಡಿಸುವುದು ನೂರ ಐವತ್ತೈದು.
ಮೂರು ಮಿಲಿಮೀಟರಿಗೆ ತಪ್ಪಿದ ಸಂಬಂಧ.

ಸಂಜೆ ಬೈತಖೋಲದ ಬರ್ಫಿನ ಕಾರ್ಖಾನೆಗೆ ಹೋದೆ.
ಪುರ್ಸು ತಾಂಡೇಲರ ಮಗಳದ್ದೇ
ಆ ಅರ್ಧ ಮದುವೆ.
ಇನ್ನೆರಡು ದಿನ ಬೇಕು ಎನ್ನಲು ಹೋದವಳು
ಕಾರಣ ಹೇಳಿದೆ.
ಮೂವತ್ತು ವರ್ಷ ಅಮೋನಿಯಾ ವಾಸನೆ ಕುಡಿದ ಮನುಷ್ಯ
ಬೈಯಲಿಲ್ಲ.

"ತಂಪು ಅಂತ ಒಂದು ಸಾಮಾನೇ ಇಲ್ಲ ತಂಗೀ.
ಇರೋದು ಬಿಸಿ ಒಂದೇ.
ಇಲ್ಲಿಂದ ಎತ್ತಬೇಕು, ಅಲ್ಲಿ ಒಗೀಬೇಕು.
ಎತ್ತೋದು ಯಾರಿಗೂ ಬರ್ತದೆ.
ಎಲ್ಲಿ ಒಗೀತೀ, ಅದನ್ನು ನೋಡು."
ಹಿಂದಿನ ಗೋಡೆಯ ಕಡೆ ಕರೆದೊಯ್ದರು.
ಮುಂದೆ ಗಟ್ಟಿ ಬರ್ಫು ಹೊಗೆಯಾಡುತ್ತ
ದೋಣಿಗೆ ಜಾರುತ್ತಿದ್ದರೆ
ಹಿಂದೆ ಹಂಡೆಯ ಒಲೆಯಂಥ ಗಾಳಿ.
ಅಲ್ಲಿ ನಾಯಿ ಕೂಡ ಮಲಗಿರಲಿಲ್ಲ.

ಮನೆಗೆ ಬಂದು ಮೇಜಿನಡಿ ಕೂತು ನೋಡಿದೆ.
ಗೋಡೆಗೆ ಬೆನ್ನು ಹಚ್ಚಿ, ಪಾಪ,
ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಳ್ಳುವ ಪೆಟ್ಟಿಗೆ.
ಮುಖಕ್ಕೆ ಮಾತ್ರ ಪಡುವಣ ಕಿಟಕಿ.
ತಂಪಾಗಿರಲಿ ಎಂದು ನಾನೇ
ಪ್ರೀತಿಯಿಂದ ಇಟ್ಟ ಜಾಗ,
ಎರಡು ವರ್ಷ ಉಪ್ಪು ತಿನ್ನಿಸಿದ ಜಾಗ.

ಕೊನೆಗೆ ತಂದದ್ದು ಕುಳ್ಳನೆಯದು,
ನಾಲ್ಕು ಕೊಳವೆ, ಮೇಲೆ ನಿಕ್ಕಲ್ಲಿನ ಪದರ, ಒಂದೇ ಫ್ಯಾನು,
ದೀಪ ಗೀಪ ಇಲ್ಲ.
ಎರಡು ಸಾವಿರದ ನಾನೂರು.
ಒಣಗಿ ಹಕ್ಕಳೆಯಾದ ಹಳೆ ಪೇಸ್ಟನ್ನು
ಸ್ಪಿರಿಟ್ಟಿನಲ್ಲಿ ಒರೆಸಿ, ಹೊಸದು ಒಂದು ಬಟಾಣಿಯಷ್ಟು.
"ತುಪ್ಪದ ಹಾಗೆ ಸುರೀಬೇಡಿ ಅಕ್ಕಾ,"
ಸಂದೇಶ ಫೋನಿನಲ್ಲಿ.
ಸ್ಕ್ರೂ ಮೂಲೆಗೆ ಮೂಲೆ, ಒಂದೊಂದು ಸುತ್ತು.
ಪೆಟ್ಟಿಗೆ ಮೂಡಣ ಗೋಡೆಗೆ, ಗೇಣು ಬಿಟ್ಟು.

ರಾತ್ರಿ ಎರಡು ಗಂಟೆ.
ಎಪ್ಪತ್ತೊಂದು. ಎಪ್ಪತ್ತೆರಡು. ಎಪ್ಪತ್ತೊಂದು.
ಚೆಂಬು ಓರೆಯಾಯಿತು,
ನೀರು ಬಿತ್ತು,
ತಾಂಡೇಲರು ತಲೆ ತಗ್ಗಿಸಿ ಕಣ್ಣೊರೆಸಿಕೊಂಡದ್ದು
ಆಗ ಕಂಡಿತು.

ಒಗೆದ ಬಿಸಿಯೆಲ್ಲ ಈಗ
ನನ್ನ ಮೊಣಕಾಲಿಗೆ.
ಎದ್ದು ಪಡುವಣ ಕಿಟಕಿ ತೆರೆದೆ,
ನನ್ನ ಕಡೆಯ ಬಾಗಿಲನ್ನಷ್ಟೇ.